ಸ್ವೀಡನ್ನಿನ ಶಿಕ್ಷಕಿ, ಲೋಕದ ಕಥೆಗಾರ್ತಿ : ಸೆಲ್ಮಾ ಲಾಗರ್ಲೋಫ್

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ದೇಶ ಸುತ್ತುವ ಅನುಕೂಲ ಎಲ್ಲರಿಗೂ ಒದಗುವುದಿಲ್ಲ. ಕೋಶ ಓದುವ ಭಾಗ್ಯಕ್ಕೆ ಅಂತಹ ಅಡ್ಡಿಯಿಲ್ಲ. ಆದರೆ ಆ ಕೋಶವು ಓದುಗನು ಅರಿಯದ ಭಾಷೆಯಲ್ಲಿದ್ದರೆ ಗತಿಯೇನು? ಅಲ್ಲಿ ನೆರವಿಗೆ ಬರುವವನು ಅನುವಾದಕ. ಉತ್ತರ ಯೂರೋಪಿನಲ್ಲಿರುವ ಸ್ವೀಡನ್ ಕಾಡು, ಸರೋವರ, ಹಿಮಗಳ ನಾಡು. ಅದರ ಭಾಷೆಯನ್ನು ಬಲ್ಲ ಹೊರನಾಡಿನವರು ವಿರಳ. ಆದರೂ ಜಗತ್ತಿನ ಎಷ್ಟೋ ಮಕ್ಕಳು ಆ ನಾಡಿನ ಹೊಲಗದ್ದೆಗಳನ್ನೂ ನದಿಪರ್ವತಗಳನ್ನೂ ಬಾತುಕೋಳಿಯೊಂದರ ಬೆನ್ನ ಮೇಲೆ ಕುಳಿತು ಕಂಡವರಂತೆ ಬಲ್ಲರು. ಈ ಪವಾಡವನ್ನು ಸಾಧಿಸಿದವರು ಕಾಲಿನ ಊನವನ್ನು ಹೊತ್ತು ಬೆಳೆದ, ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಒಬ್ಬ ಮಹಿಳೆ. ಅವರೇ ಸೆಲ್ಮಾ ಲಾಗರ್ಲೋಫ್.

ಅವರ ಕೃತಿಗಳು ಅನುವಾದದ ಮೂಲಕ ಲೋಕವನ್ನು ಸುತ್ತಿದವೆಂಬುದು ಎಲ್ಲರೂ ಬಲ್ಲ ಸಂಗತಿ. ಅವರ ಬಾಳಿನ ಮುಖ್ಯ ತಿರುವುಗಳಲ್ಲಿಯೂ ಅನುವಾದಿತ ಗ್ರಂಥವೊಂದು ನಿಂತಿರುವುದು ಅಷ್ಟಾಗಿ ತಿಳಿಯದ ಸಂಗತಿ. ಅವರನ್ನು ಸಾಹಿತಿಯಾಗಲು ಪ್ರೇರಿಸಿದ್ದು ಒಂದು ಅನುವಾದ; ಅವರ ಯೋಗ್ಯತೆಯನ್ನು ಸ್ವದೇಶಕ್ಕೆ ಮನಗಾಣಿಸಿದ್ದು ಇನ್ನೊಂದು; ಅವರ ಕೊನೆಯ ದಿನಗಳಲ್ಲಿ ಒಂದು ಜೀವವನ್ನು ಮೃತ್ಯುಮುಖದಿಂದ ಪಾರುಮಾಡಲು ಕಾರಣವಾದದ್ದು ಮತ್ತೊಂದು.

ಬಾಲ್ಯ

ಸ್ವೀಡನ್ನಿನ ಪಶ್ಚಿಮ ಭಾಗದಲ್ಲಿ ವೆರ್ಮ್‌ಲಾಂಡ್ ಎಂಬ ಪ್ರಾಂತವಿದೆ. ಅಲ್ಲಿಯ ಮೋರ್ಬಕ್ಕ ಎಂಬ ತೋಟದ ಮನೆಯಲ್ಲಿ ೧೮೫೮ನೆಯ ನವೆಂಬರ್ ೨೦ರಂದು ಸೆಲ್ಮಾ ಜನಿಸಿದರು. ತಂದೆ ಎರಿಕ್ ಗುಸ್ತಾಫ್ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದವರು. ಪುಸ್ತಕ, ಹಾಡು, ಅತಿಥಿಸತ್ಕಾರಗಳಲ್ಲಿ ಅಪಾರ ಪ್ರೀತಿಯುಳ್ಳವರು. ಮಗುವಿಗೆ ಮೂರು ವರ್ಷ ಕಳೆದಿರುವಾಗ ಕಾಲಿನ ಶಕ್ತಿಯೇ ಉಡುಗಿಹೋಯಿತು. ಓರಗೆಯ ಮಕ್ಕಳು ಅಂಗಳದಲ್ಲಿ ಓಡಾಡುತ್ತಿದ್ದರೆ ಸೆಲ್ಮಾ ಮನೆಯೊಳಗೆ ಅಜ್ಜಿಯ ಬಳಿ ಕುಳಿತು ಕಥೆ ಕೇಳಬೇಕಾಯಿತು.

೧೮೬೩ರ ಬೇಸಗೆಯಲ್ಲಿ ಮನೆಯವರು ಚಿಕಿತ್ಸೆಗಾಗಿ ಅವರನ್ನು ಪಶ್ಚಿಮ ಕರಾವಳಿಯ ಸ್ಟ್ರೋಮ್‌ಸ್ಟಾಡ್ ಎಂಬ ಊರಿಗೆ ಕರೆದೊಯ್ದರು. ಅಲ್ಲಿ ಪರಿಚಯವಾದ ಹಡಗಿನ ಕಪ್ತಾನನೊಬ್ಬನ ಬಳಿ ಸ್ವರ್ಗಪಕ್ಷಿಯೊಂದಿದೆಯೆಂಬ ಸುದ್ದಿ ಮಗುವಿನ ಕಿವಿಗೆ ಬಿತ್ತು. ಆ ಹಕ್ಕಿಯನ್ನು ಕಾಣುವ ಕಾತರದಲ್ಲಿ ತಾನು ನಡೆಯಲಾರೆನೆಂಬುದನ್ನೇ ಮರೆತು ಹಡಗಿನಲ್ಲಿ ನಡೆದುಬಿಟ್ಟ ಸಂಗತಿಯನ್ನು ಅವರು ಮುಂದೆ ತಮ್ಮ ಬಾಲ್ಯಸ್ಮೃತಿಗಳಲ್ಲಿ ಬಣ್ಣಿಸಿದ್ದಾರೆ. ಕಾಲು ಪೂರ್ಣವಾಗಿ ಗುಣವಾಗಲಿಲ್ಲ; ಕುಂಟುನಡಿಗೆ ಬಾಳಿನುದ್ದಕ್ಕೂ ಉಳಿಯಿತು. ಐದನೆಯ ವಯಸ್ಸಿನಲ್ಲಿ ಅಜ್ಜಿಯೂ ತೀರಿಕೊಂಡಾಗ ಕಥೆಗಳ ಲೋಕದ ಬಾಗಿಲೇ ಮುಚ್ಚಿದಂತಾಯಿತು.

ಆ ಬಾಗಿಲನ್ನು ಮತ್ತೆ ತೆರೆದದ್ದು ಒಂದು ಪುಸ್ತಕ. ಏಳನೆಯ ವಯಸ್ಸಿನಲ್ಲಿ ಅವರ ಕೈಗೆ ಐರ್ಲೆಂಡಿನಲ್ಲಿ ಹುಟ್ಟಿದ ಲೇಖಕ ಮೇನ್ ರೀಡ್ ಬರೆದ ಓಸಿಯೋಲ ಎಂಬ ಕಾದಂಬರಿಯ ಸ್ವೀಡಿಷ್ ಅನುವಾದ ಸಿಕ್ಕಿತು. ಅದು ಅಮೆರಿಕದ ಫ್ಲಾರಿಡಾದ ಮೂಲನಿವಾಸಿಗಳ ನಾಯಕನೊಬ್ಬನ ಕಥೆ. ಸಾಹಿತ್ಯದ ಶಿಖರಗಳಲ್ಲಿ ಅದನ್ನು ಯಾರೂ ಎಣಿಸುವುದಿಲ್ಲ. ಆದರೆ ಹಿಮದ ನಾಡಿನ ಆ ಬಾಲಿಕೆಗೆ ತಾನು ಕಾಣದ ಕಾಡು, ಕೇಳದ ಜನ, ಅರಿಯದ ಭಾಷೆ ಎಲ್ಲವೂ ತಾಯ್ನುಡಿಯಲ್ಲಿ ಮೂಡಿಬಂದುವು. ಬೆಳೆದ ಮೇಲೆ ತಾನೂ ಪುಸ್ತಕಗಳನ್ನು ಬರೆಯಬೇಕೆಂಬ ನಿರ್ಧಾರ ಅಂದೇ ಮೊಳೆಯಿತು.

ಶಿಕ್ಷಕ ವೃತ್ತಿ

ಮನೆಯ ಆರ್ಥಿಕ ಸ್ಥಿತಿ ಕ್ರಮೇಣ ಹದಗೆಟ್ಟಿತು. ಹೆಣ್ಣುಮಕ್ಕಳು ದೂರದ ಊರಿಗೆ ಹೋಗಿ ಉನ್ನತ ವಿದ್ಯೆ ಪಡೆಯುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಸೆಲ್ಮಾ ಸಾಲಮಾಡಿಯೇ ಸ್ಟಾಕ್‌ಹೋಮ್ ನಗರಕ್ಕೆ ತೆರಳಿ, ೧೮೮೨ರಲ್ಲಿ ಮಹಿಳೆಯರ ಉನ್ನತ ಶಿಕ್ಷಕ ತರಬೇತಿ ವಿದ್ಯಾಲಯವನ್ನು ಸೇರಿದರು. ೧೮೮೫ರಲ್ಲಿ ಅಲ್ಲಿಂದ ಹೊರಬಂದು ದಕ್ಷಿಣದ ಲಾಂಡ್‌ಸ್ಕ್ರೂನ ಎಂಬ ಪಟ್ಟಣದ ಬಾಲಿಕೆಯರ ಶಾಲೆಯಲ್ಲಿ ಶಿಕ್ಷಕಿಯಾದರು. ಅದೇ ವರ್ಷ ತಂದೆ ತೀರಿಕೊಂಡರು. ಮುಂದೆ ಸಾಲದ ಹೊರೆಯಿಂದ ಮೋರ್ಬಕ್ಕವೂ ಮಾರಾಟವಾಗಿ ಪರರ ಪಾಲಾಯಿತು. ಹುಟ್ಟಿ ಬೆಳೆದ ಮನೆ ಕೈತಪ್ಪಿದ ನೋವು ಅವರ ಅಂತರಂಗದಲ್ಲಿ ಮಾಯದ ಗಾಯವಾಗಿ ಉಳಿಯಿತು.

ಹಗಲು ಪಾಠ, ಬಿಡುವಿನಲ್ಲಿ ಬರವಣಿಗೆ. ಬಾಲ್ಯದಲ್ಲಿ ಕೇಳಿದ ವೆರ್ಮ್‌ಲಾಂಡಿನ ಕಥೆಗಳನ್ನು ಹೇಗೆ ಹೇಳಬೇಕೆಂಬುದೇ ಅವರ ಚಿಂತೆ. ಆ ಕಾಲದ ಸ್ವೀಡಿಷ್ ಸಾಹಿತ್ಯದಲ್ಲಿ ವಾಸ್ತವತಾಮಾರ್ಗದ್ದೇ ಪ್ರಾಬಲ್ಯ. ದಂತಕಥೆ, ಅದ್ಭುತ, ಭಾವೋತ್ಕರ್ಷಗಳಿಗೆ ಅಲ್ಲಿ ಮಣೆಯಿರಲಿಲ್ಲ. ಸೆಲ್ಮಾ ಆ ಮಾರ್ಗದಲ್ಲಿಯೇ ಬರೆಯಲು ಯತ್ನಿಸಿ ವಿಫಲರಾಗಿ, ಕೊನೆಗೆ ಅಜ್ಜಿಯ ಮಾತಿನ ಧಾಟಿಗೇ ಮರಳಿದರು. ೧೮೯೦ರಲ್ಲಿ ಇದುನ್ ಎಂಬ ಮಹಿಳಾ ಪತ್ರಿಕೆ ಏರ್ಪಡಿಸಿದ ಸ್ಪರ್ಧೆಗೆ ಐದು ಅಧ್ಯಾಯಗಳನ್ನು ಕಳುಹಿಸಿ ಬಹುಮಾನ ಪಡೆದರು. ಸ್ತ್ರೀಯರ ಹಿತಕ್ಕಾಗಿ ದುಡಿಯುತ್ತಿದ್ದ ಸೋಫೀ ಆಡ್ಲರ್ಸ್‌ಪಾರೆ ಎಂಬ ಹಿರಿಯರು ನೆರವಾದುದರಿಂದ ಶಾಲೆಗೆ ರಜೆ ಹಾಕಿ ಕೃತಿಯನ್ನು ಪೂರ್ಣಗೊಳಿಸಲು ಸಾಧ್ಯವಾಯಿತು. ೧೮೯೧ರಲ್ಲಿ ಯೋಸ್ಟಾ ಬೆರ್ಲಿಂಗನ ಕಥೆ ಬೆಳಕು ಕಂಡಿತು.

ಹೊರಗಿನಿಂದ ಬಂದ ಮನ್ನಣೆ

ಕುಡಿತದ ದೆಸೆಯಿಂದ ಪದವಿ ಕಳೆದುಕೊಂಡ ತರುಣ ಪಾದ್ರಿ ಈ ಕಾದಂಬರಿಯ ನಾಯಕ. ೧೮೨೦ರ ದಶಕದ ವೆರ್ಮ್‌ಲಾಂಡಿನ ಕಬ್ಬಿಣದ ಕುಲುಮೆಗಳು, ಹಿಮದ ಮೇಲೆ ಜಾರುವ ಗಾಡಿಗಳು, ಎಕೆಬಿ ಎಂಬ ಬಂಗಲೆಯಲ್ಲಿ ಆಶ್ರಯ ಪಡೆದ ಹನ್ನೆರಡು ಮಂದಿ ಸಾಹಸಪ್ರಿಯರು, ಅವರಿಗೆ ಅನ್ನವಿಟ್ಟು ಅವರಿಂದಲೇ ಮನೆ ಕಳೆದುಕೊಂಡ ಒಡತಿ, ಹೀಗೆ ಒಂದು ಪ್ರಾಂತದ ಜೀವನವೇ ಇದರಲ್ಲಿ ತುಂಬಿದೆ. ಆದರೆ ಸ್ವೀಡನ್ನಿನ ವಿಮರ್ಶಕರಲ್ಲಿ ಅನೇಕರು ಇದನ್ನು ಕಾಲಬಾಹಿರವಾದ ಅತಿರಂಜಿತ ಬರವಣಿಗೆಯೆಂದು ತಳ್ಳಿಹಾಕಿದರು. ಶಿಕ್ಷಕಿಯ ಮೊದಲ ಕೃತಿ ಮರೆವಿಗೆ ಸಲ್ಲುವಂತೆ ಕಂಡಿತು.

ಅಷ್ಟರಲ್ಲಿ ಅದು ನೆರೆಯ ಡ್ಯಾನಿಷ್ ಭಾಷೆಗೆ ಅನುವಾದವಾಯಿತು. ಡೆನ್ಮಾರ್ಕಿನ ಗೆಯಾರ್ಗ್ ಬ್ರಾಂಡೆಸ್ ಆ ಕಾಲದ ಯೂರೋಪಿನಲ್ಲಿ ಹೆಸರಾಂತ ವಿಮರ್ಶಕರು. ಸ್ವತಃ ವಾಸ್ತವತಾಮಾರ್ಗದ ಪ್ರತಿಪಾದಕರಾಗಿದ್ದ ಅವರೇ ೧೮೯೩ರಲ್ಲಿ ಆ ಅನುವಾದವನ್ನು ಕುರಿತು ಬರೆದು, ಕೃತಿಯ ಕಲ್ಪನಾಶಕ್ತಿಯನ್ನೂ ಶೈಲಿಯ ಸ್ವಂತಿಕೆಯನ್ನೂ ಮೆಚ್ಚಿಕೊಂಡರು. ಆಗ ಸ್ವೀಡನ್ನಿನ ಓದುಗರು ತಾವು ಬದಿಗಿಟ್ಟ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡರು. ಮನೆಯ ದೀಪದ ಬೆಳಕು ಮೊದಲು ನೆರೆಮನೆಯವರ ಕಣ್ಣಿಗೆ ಬಿದ್ದಂತಾಯಿತು. ಅನುವಾದವು ಪರರಿಗೆ ಮಾತ್ರ ಉಪಕಾರಿಯಲ್ಲ. ತನ್ನದನ್ನು ತಾನೇ ಕಾಣಲರಿಯದ ನಾಡಿಗೂ ಅದು ಕನ್ನಡಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

೧೮೯೫ರಲ್ಲಿ ರಾಜಮನೆತನದ ಮತ್ತು ಸ್ವೀಡಿಷ್ ಅಕಾಡೆಮಿಯ ಧನಸಹಾಯ ದೊರೆತುದರಿಂದ ಸೆಲ್ಮಾ ಶಾಲೆಯ ಕೆಲಸವನ್ನು ಬಿಟ್ಟು ಬರವಣಿಗೆಗೇ ತಮ್ಮನ್ನು ಮುಡುಪಾಗಿಸಿದರು. ಗೆಳತಿಯೂ ಲೇಖಕಿಯೂ ಆದ ಸೋಫೀ ಎಲ್ಕಾನ್ ಅವರೊಡನೆ ಇಟಲಿಯಲ್ಲಿ ಸಂಚರಿಸಿದರು. ೧೮೯೭ರಲ್ಲಿ ಫಾಲುನ್ ಪಟ್ಟಣಕ್ಕೆ ಬಂದು ನೆಲೆಸಿದರು. ನೆರೆಯ ನೋಸ್ ಎಂಬ ಊರಿನಿಂದ ಹಲವು ರೈತ ಕುಟುಂಬಗಳು ಧರ್ಮಶ್ರದ್ಧೆಯ ಕರೆಗೆ ಓಗೊಟ್ಟು, ತಲೆತಲಾಂತರದಿಂದ ಬಂದ ಹೊಲಮನೆಗಳನ್ನು ಮಾರಿ ೧೮೯೬ರಲ್ಲಿ ಜೆರುಸಲೆಮ್ಮಿಗೆ ಹೊರಟುಹೋಗಿದ್ದವು. ಈ ಸಂಗತಿ ಅವರ ಮನಸ್ಸನ್ನು ಹಿಡಿದು ನಿಲ್ಲಿಸಿತು. ಆ ರೈತರನ್ನು ಕಣ್ಣಾರೆ ಕಾಣಲು ಅವರು ಪ್ಯಾಲೆಸ್ತೀನಿಗೆ ಪ್ರಯಾಣ ಮಾಡಿದರು. ೧೯೦೧ ಮತ್ತು ೧೯೦೨ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಜೆರುಸಲೆಮ್ ಕಾದಂಬರಿ ಈ ಪರಿಶ್ರಮದ ಫಲ. ನೆಲದ ಮೋಹ ಹಿರಿದೋ, ದೈವದ ಕರೆ ಹಿರಿದೋ ಎಂಬ ತೊಳಲಾಟವನ್ನು ಯಾರನ್ನೂ ಹಳಿಯದೆ ಅವರು ಅದರಲ್ಲಿ ಚಿತ್ರಿಸಿದ್ದಾರೆ.

ಪಠ್ಯಪುಸ್ತಕವೊಂದರ ದಿಗ್ವಿಜಯ

ಸ್ವೀಡನ್ನಿನ ಪ್ರಾಥಮಿಕ ಶಾಲೆಗಳಲ್ಲಿ ೧೮೬೮ರಲ್ಲಿ ಪ್ರಕಟವಾದ ಹಳೆಯ ವಾಚನಪುಸ್ತಕವೇ ಬಹುಕಾಲ ನಡೆದುಬಂದಿತ್ತು. ಮಕ್ಕಳಿಗೆ ತಮ್ಮ ನಾಡಿನ ಪರಿಚಯ ಮಾಡಿಕೊಡುವ ಹೊಸ ಪುಸ್ತಕ ಬೇಕೆಂದು ಶಿಕ್ಷಕರ ಸಂಘ ಯೋಚಿಸಿ, ಹಿಂದೆ ಶಿಕ್ಷಕಿಯಾಗಿದ್ದ ಸೆಲ್ಮಾ ಅವರನ್ನೇ ಕೇಳಿಕೊಂಡಿತು. ಅವರು ಒಪ್ಪಿಕೊಂಡರೂ ಅವಸರಪಡಲಿಲ್ಲ. ಪ್ರಾಂತಗಳ ಭೂಗೋಲ, ಪ್ರಾಣಿಪಕ್ಷಿಗಳ ನಡೆನುಡಿ, ಸ್ಥಳೀಯ ಐತಿಹ್ಯಗಳನ್ನು ವರ್ಷಗಟ್ಟಲೆ ಅಭ್ಯಾಸಮಾಡಿದರು. ಉತ್ತರದ ಕಾಡುಗಳವರೆಗೂ ಸಂಚರಿಸಿದರು. ಆದರೆ ಇಷ್ಟೆಲ್ಲವನ್ನೂ ಮಗುವಿಗೆ ಬೇಸರವಾಗದಂತೆ ಹೇಳುವ ಬಗೆ ಹೊಳೆಯಲಿಲ್ಲ.

ಆಗ ನೆರವಾದದ್ದು ಕಿಪ್ಲಿಂಗ್ ಬರೆದ ಕಾಡಿನ ಕಥೆಗಳ ಮಾದರಿ. ಮುಂಬಯಿಯಲ್ಲಿ ಹುಟ್ಟಿದ ಆ ಲೇಖಕ ಮಧ್ಯಭಾರತದ ಅರಣ್ಯದ ಮೃಗಗಳಿಗೆ ಮಾತು ಕೊಟ್ಟಿದ್ದಂತೆ ತಾವೂ ಸ್ವೀಡನ್ನಿನ ಹಕ್ಕಿಗಳಿಗೆ ಮಾತು ಕೊಡಬಹುದೆಂದು ಸೆಲ್ಮಾ ಮನಗಂಡರು. ಮೋರ್ಬಕ್ಕದ ಸಾಕು ಬಾತು ಒಮ್ಮೆ ಕಾಡುಬಾತುಗಳ ಹಿಂಡಿನೊಡನೆ ಹಾರಿಹೋಗಿ ಮರಳಿ ಬಂದಿತೆಂಬ ಮನೆತನದ ಕಥೆಯೂ ಜೊತೆಗೂಡಿತು. ಹೀಗೆ ಹುಟ್ಟಿದವನು ನಿಲ್ಸ್ ಹೋಲ್ಗೆರ್ಸನ್. ಪುಸ್ತಕ ೧೯೦೬ ಮತ್ತು ೧೯೦೭ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು.

ನಿಲ್ಸ್ ದಕ್ಷಿಣದ ಸ್ಕೋನೆ ಪ್ರಾಂತದ ರೈತನ ಮಗ, ಹದಿನಾಲ್ಕರ ವಯಸ್ಸು, ಓದಿನಲ್ಲಿ ಅಲಕ್ಷ್ಯ, ಪ್ರಾಣಿಗಳನ್ನು ಹಿಂಸಿಸುವುದರಲ್ಲಿ ಉತ್ಸಾಹ. ಮನೆಯನ್ನು ಕಾಯುವ ಕುಳ್ಳ ಯಕ್ಷನನ್ನು ಕೆಣಕಿದ ತಪ್ಪಿಗೆ ಅವನು ಗೇಣುದ್ದದವನಾಗಿಬಿಡುತ್ತಾನೆ. ಮನೆಯ ಬಿಳಿಯ ಬಾತು ಮೋರ್ಟೆನ್ ಕಾಡುಬಾತುಗಳೊಡನೆ ಹಾರಿದಾಗ ಅದರ ಕೊರಳಿಗೆ ಜೋತುಬಿದ್ದ ನಿಲ್ಸ್, ಅಕ್ಕ ಎಂಬ ಮುದಿ ಮುಂದಾಳು ಬಾತಿನ ಹಿಂಡಿನಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿನವರೆಗೂ ಹೋಗಿ ಹಿಂದಿರುಗುತ್ತಾನೆ.

ಆಗಸದಿಂದ ನೋಡಿದಾಗ ಸ್ಕೋನೆಯ ಹೊಲಗಳು ಚೌಕಳಿ ಬಟ್ಟೆಯಂತೆ ಕಾಣುತ್ತವೆ. ಓಲಾಂಡ್ ದ್ವೀಪ ರೆಕ್ಕೆ ಕಳೆದುಕೊಂಡ ಬೃಹತ್ ಚಿಟ್ಟೆಯ ಒಡಲೆಂದು ಕುರುಬನೊಬ್ಬ ಕಥೆ ಹೇಳುತ್ತಾನೆ. ಕಲ್ಲುನೆಲದ ಸ್ಮೋಲಾಂಡ್ ಹೇಗೆ ಬಡವಾಯಿತು, ಅಲ್ಲಿಯ ಜನ ಹೇಗೆ ಶ್ರಮಜೀವಿಗಳಾದರು ಎಂಬುದಕ್ಕೂ ಒಂದು ಸೃಷ್ಟಿಕಥೆಯುಂಟು. ಭೂಪಟದ ಗೆರೆಗಳು ಹೀಗೆ ಮಗುವಿನ ಮನಸ್ಸಿನಲ್ಲಿ ಅಚ್ಚೊತ್ತುತ್ತವೆ. ಸುಖದ ಚಿತ್ರಗಳಷ್ಟೇ ಇಲ್ಲಿಲ್ಲ. ಓಸಾ ಮತ್ತು ಪುಟ್ಟ ಮಾಟ್ಸ್ ಎಂಬ ಅಕ್ಕತಮ್ಮಂದಿರ ತಾಯಿಯೂ ಒಡಹುಟ್ಟಿದವರೂ ಒಬ್ಬೊಬ್ಬರಾಗಿ ಸಾಯುತ್ತಾರೆ. ಅಲೆಮಾರಿ ಹೆಂಗಸೊಬ್ಬಳ ಶಾಪವೇ ಅದಕ್ಕೆ ಕಾರಣವೆಂದು ಮನೆಯವರು ನಂಬಿರುತ್ತಾರೆ. ಆದರೆ ಮಕ್ಕಳು ಒಂದು ಉಪನ್ಯಾಸವನ್ನು ಕೇಳಿ, ಅದು ಶಾಪವಲ್ಲ, ಕ್ಷಯರೋಗದ ಸೋಂಕು ಎಂಬುದನ್ನು ಅರಿಯುತ್ತಾರೆ. ಮನೆಬಿಟ್ಟು ಹೋದ ತಂದೆಗೆ ಈ ಸತ್ಯವನ್ನು ತಿಳಿಸಲು ನಾಡಿನ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಆ ದಿನಗಳಲ್ಲಿ ಕ್ಷಯವು ಸ್ವೀಡನ್ನಿನ ಮನೆಮನೆಯ ಭೀತಿಯಾಗಿತ್ತೆಂಬುದನ್ನು ನೆನೆದರೆ ಈ ಪಾಠದ ಬೆಲೆ ಅರಿವಾಗುತ್ತದೆ.

ಬಾತನ್ನು ಮನೆಗೆ ಕರೆತಂದು ತಾಯಿಯ ಕತ್ತಿಗೆ ಒಪ್ಪಿಸಿದರೆ ನಿಲ್ಸ್ ಮತ್ತೆ ಮನುಷ್ಯನಾಗುವನೆಂಬುದು ಯಕ್ಷನ ಕರಾರು. ಗೆಳೆಯನ ಪ್ರಾಣ ಕೊಟ್ಟು ಸಿಗುವ ಮನುಷ್ಯತ್ವ ತನಗೆ ಬೇಡವೆಂದು ಅವನು ದೂರ ಸರಿಯುತ್ತಾನೆ. ಕೊನೆಯಲ್ಲಿ ಬಾತು ಕತ್ತಿಯ ಕೆಳಗೆ ಸಿಕ್ಕಾಗ ನಾಚಿಕೆಯನ್ನು ಬದಿಗೊತ್ತಿ ಬಾಗಿಲು ತಟ್ಟಿ ಅದನ್ನು ಉಳಿಸಲು ಧಾವಿಸುತ್ತಾನೆ. ಆ ಕ್ಷಣದಲ್ಲಿಯೇ ಅವನು ಪೂರ್ಣಪ್ರಮಾಣದ ಮನುಷ್ಯನಾಗಿ ನಿಲ್ಲುತ್ತಾನೆ. ದಯೆಯೇ ಮನುಷ್ಯನ ನಿಜವಾದ ಎತ್ತರವೆಂಬುದನ್ನು ಉಪದೇಶದ ಒಂದು ಮಾತೂ ಇಲ್ಲದೆ ಲೇಖಕಿ ಮನಗಾಣಿಸುತ್ತಾರೆ.

ಸ್ವೀಡನ್ನಿನ ಮಕ್ಕಳಿಗೆ ಸ್ವೀಡನ್ನಿನ ಭೂಗೋಲವನ್ನು ಕಲಿಸಲು ಬರೆದ ಪುಸ್ತಕ ಹೊರನಾಡಿನವರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವೆಲ್ಮಾ ಸ್ವಾನ್‌ಸ್ಟನ್ ಹೋವರ್ಡ್ ೧೯೦೭ರಲ್ಲಿ ಮೊದಲ ಭಾಗವನ್ನು ಇಂಗ್ಲಿಷಿಗೆ ತಂದರು. ೧೯೧೧ರಲ್ಲಿ ಎರಡನೆಯದೂ ಹೊರಬಂದಿತು. ಕೇವಲ ಸ್ಥಳೀಯವೆನಿಸಿದ ಕೆಲವು ಭಾಗಗಳು ಇಂಗ್ಲಿಷಿನಲ್ಲಿ ಕೈಬಿಟ್ಟುಹೋದವು. ಅನುವಾದದಲ್ಲಿ ಇಂತಹ ನಷ್ಟ ಉಂಟು. ಇನ್ನೊಂದು ಬಗೆಯ ನಷ್ಟವೂ ಇತ್ತು. ಸ್ವೀಡನ್ ೧೯೦೪ರವರೆಗೆ ಬರ್ನ್ ಕೃತಿಸ್ವಾಮ್ಯ ಒಪ್ಪಂದಕ್ಕೆ ಸೇರಿರಲಿಲ್ಲವಾದ್ದರಿಂದ, ಅಲ್ಲಿಯವರೆಗೆ ಹೊರದೇಶದ ಪ್ರಕಾಶಕರು ಸ್ವೀಡಿಷ್ ಲೇಖಕರಿಗೆ ಸಂಭಾವನೆ ಕೊಡದೆ ಅನುವಾದಗಳನ್ನು ಅಚ್ಚುಹಾಕಬಹುದಾಗಿತ್ತು. ಆದರೂ ಲಾಭದ ತಕ್ಕಡಿಯೇ ತೂಗಿತು. ನಿಲ್ಸನ ಕಥೆ ಹತ್ತಾರು ಭಾಷೆಗಳಿಗೆ ಹಬ್ಬಿತು. ಆಸ್ಟ್ರಿಯಾದ ಬಾಲಕ ಕೊನ್ರಾಡ್ ಲೊರೆಂಜ್ ಅದನ್ನು ಕೇಳಿ ಕಾಡುಬಾತುಗಳಿಗೆ ಮನಸೋತ. ಮುಂದೆ ಅವುಗಳ ವರ್ತನೆಯನ್ನೇ ಅಭ್ಯಾಸಮಾಡಿ ವಿಜ್ಞಾನಿಯಾಗಿ ೧೯೭೩ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದ. ಪೋಲೆಂಡಿನ ಕವಿ ಚೆಸ್ವಾವ್ ಮಿವೋಶ್ ೧೯೮೦ರಲ್ಲಿಯೂ, ಜಪಾನಿನ ಕಾದಂಬರಿಕಾರ ಕೆಂಜಾಬುರೊ ಓಯೆ ೧೯೯೪ರಲ್ಲಿಯೂ ತಮ್ಮ ನೊಬೆಲ್ ಭಾಷಣಗಳಲ್ಲಿ ಬಾಲ್ಯದಲ್ಲಿ ಓದಿದ ಈ ಪುಸ್ತಕವನ್ನು ಕೃತಜ್ಞತೆಯಿಂದ ನೆನೆದರು.

ನೊಬೆಲ್ ಗೌರವ

೧೯೦೯ರ ಡಿಸೆಂಬರ್ ೧೦ರಂದು ಸೆಲ್ಮಾ ಸಾಹಿತ್ಯದ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದರು. ಸಾಹಿತ್ಯಕ್ಕಾಗಿ ಅದನ್ನು ಪಡೆದ ಪ್ರಥಮ ಮಹಿಳೆ ಅವರು. ಪ್ರಥಮ ಸ್ವೀಡಿಷ್ ಲೇಖಕರೂ ಅವರೇ. ಅಂದಿನ ಭಾಷಣದಲ್ಲಿ ಅವರು ಸ್ವರ್ಗಸ್ಥರಾದ ತಂದೆಯೊಡನೆ ನಡೆಸಿದ ಕಾಲ್ಪನಿಕ ಸಂವಾದವೊಂದನ್ನು ಹೇಳಿದರು. ತಾವು ಸಾಲದಲ್ಲಿ ಮುಳುಗಿರುವುದಾಗಿಯೂ ಅದನ್ನು ತೀರಿಸುವ ದಾರಿ ಕೇಳಲು ಬಂದಿರುವುದಾಗಿಯೂ ಮಗಳು ತಂದೆಗೆ ನಿವೇದಿಸಿಕೊಳ್ಳುತ್ತಾಳೆ. ಅದು ಹಣದ ಸಾಲವಲ್ಲ. ವೆರ್ಮ್‌ಲಾಂಡಿನಲ್ಲಿ ಹಾಡಿ ಅಲೆದವರು, ಗುಡಿಸಲುಗಳಲ್ಲಿ ಕಥೆ ಹೇಳಿದ ವೃದ್ಧರು, ತಮಗಿಂತ ಮೊದಲು ಭಾಷೆಯನ್ನು ಹದಗೊಳಿಸಿದ ಸಾಹಿತಿಗಳು, ಡೆನ್ಮಾರ್ಕಿನ ಆ ವಿಮರ್ಶಕರು, ಪರದೇಶಗಳಲ್ಲಿ ತಮ್ಮ ಕೃತಿಗಳಿಗಾಗಿ ದುಡಿದವರು, ಓದುಗರು, ಎಲ್ಲರಿಗೂ ತಾವು ಋಣಿ ಎಂಬುದು ಅವರ ಭಾವ. ಮನ್ನಣೆಯ ಶಿಖರದಲ್ಲಿ ನಿಂತು ಸಾಲದ ಲೆಕ್ಕವನ್ನು ಒಪ್ಪಿಸಿದ ಈ ವಿನಯ ಅವರ ವ್ಯಕ್ತಿತ್ವದ ಸಾರ.

ಪುಸ್ತಕಗಳ ಸಂಪಾದನೆಯಿಂದ ೧೯೦೭ರಲ್ಲಿ ಮೋರ್ಬಕ್ಕದ ಮನೆಯನ್ನೂ, ಪಾರಿತೋಷಕದ ಹಣದಿಂದ ಅದರ ಜಮೀನನ್ನೂ ಅವರು ಮರಳಿ ಕೊಂಡರು. ಕೈತಪ್ಪಿದ ತವರು ಕಥೆಗಳಿಂದಲೇ ಕೈಸೇರಿತು. ಅಲ್ಲಿ ಅವರು ಬೇಸಾಯವನ್ನೂ ನಡೆಸಿದರು. ಓಟ್ಸ್ ಧಾನ್ಯದ ಹಿಟ್ಟು ತಯಾರಿಸಿ ಮಾರುವ ಉದ್ಯಮವನ್ನೂ ಆರಂಭಿಸಿದರು. ೧೯೧೧ರಲ್ಲಿ ಸ್ಟಾಕ್‌ಹೋಮಿನಲ್ಲಿ ನೆರೆದ ಅಂತಾರಾಷ್ಟ್ರೀಯ ಮಹಿಳಾ ಮತಾಧಿಕಾರ ಸಮ್ಮೇಳನದಲ್ಲಿ ಮನೆ ಮತ್ತು ರಾಜ್ಯ ಎಂಬ ವಿಷಯವಾಗಿ ಮಾತನಾಡಿದರು. ಸ್ವೀಡನ್ನಿನ ಮಹಿಳೆಯರು ೧೯೨೧ರಲ್ಲಿ ಮೊದಲ ಬಾರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಚಲಾಯಿಸಿದರು. ೧೯೧೪ರಲ್ಲಿ ಸೆಲ್ಮಾ ಸ್ವೀಡಿಷ್ ಅಕಾಡೆಮಿಯ ಪ್ರಥಮ ಮಹಿಳಾ ಸದಸ್ಯರಾದರು. ಅದರ ಹಿಂದಿನ ವರ್ಷವಷ್ಟೇ ಆ ಅಕಾಡೆಮಿ ರವೀಂದ್ರನಾಥ ಠಾಕೂರರಿಗೆ ಪಾರಿತೋಷಕ ನೀಡಿತ್ತು. ಬಂಗಾಳದ ಕವಿಯನ್ನು ಸ್ವೀಡನ್ ಅರಿತದ್ದೂ ಮುಖ್ಯವಾಗಿ ಕವಿ ತಾವೇ ಮಾಡಿದ ಇಂಗ್ಲಿಷ್ ಅನುವಾದದಿಂದ. ಸ್ವೀಡನ್ನಿನ ಕಥೆ ಹೊರಹೋದ ದಾರಿಯಲ್ಲಿಯೇ ಭಾರತದ ಕವಿತೆ ಸ್ವೀಡನ್ನನ್ನು ಸೇರಿತು.

ಒಂದು ಜೀವದ ಉಳಿವು

ಬರ್ಲಿನ್ ನಗರದ ಯಹೂದಿ ಮನೆತನವೊಂದರಲ್ಲಿ ೧೮೯೧ರಲ್ಲಿ ಹುಟ್ಟಿದ ನೆಲ್ಲಿ ಸಾಕ್ಸ್ ಎಂಬ ಬಾಲಿಕೆಗೆ ಹದಿನೈದನೆಯ ಹುಟ್ಟುಹಬ್ಬದ ಕಾಣಿಕೆಯಾಗಿ ಯೋಸ್ಟಾ ಬೆರ್ಲಿಂಗನ ಕಥೆಯ ಜರ್ಮನ್ ಅನುವಾದ ದೊರೆಯಿತು. ಅದನ್ನು ಓದಿ ಮನಸೋತ ಆಕೆ ಲೇಖಕಿಗೆ ಪತ್ರ ಬರೆದಳು. ಆ ಪತ್ರವ್ಯವಹಾರ ಹಲವು ವರ್ಷ ನಡೆಯಿತು. ೧೯೨೧ರಲ್ಲಿ ಪ್ರಕಟವಾದ ತನ್ನ ಮೊದಲ ಪುಸ್ತಕವನ್ನು ನೆಲ್ಲಿ ಸೆಲ್ಮಾ ಅವರಿಗೇ ಅರ್ಪಿಸಿದಳು.

೧೯೩೩ರ ನಂತರ ಜರ್ಮನಿಯಲ್ಲಿ ಯಹೂದಿಗಳ ಬಾಳು ದುರ್ಭರವಾಯಿತು. ೧೯೩೯ರಲ್ಲಿ ನೆಲ್ಲಿಯ ಗೆಳತಿಯೊಬ್ಬಳು ಸ್ವೀಡನ್ನಿಗೆ ಬಂದು ವೃದ್ಧ ಲೇಖಕಿಯನ್ನು ಕಂಡು ನೆರವು ಬೇಡಿದಳು. ಎಂಬತ್ತರ ಅಂಚಿನಲ್ಲಿದ್ದ ಸೆಲ್ಮಾ ತಮ್ಮ ಹೆಸರಿನ ಪ್ರಭಾವವನ್ನು ಆ ಕಾರ್ಯಕ್ಕೆ ತೊಡಗಿಸಿದರು. ದೊರೆಯ ಸೋದರನೂ ಚಿತ್ರಕಾರನೂ ಆದ ರಾಜಕುಮಾರ ಎವ್‌ಗೆನ್ ಸಹಾಯ ಮಾಡಿದನು. ಅದೇ ಚಳಿಗಾಲದಲ್ಲಿ ನೆರೆಯ ಫಿನ್‌ಲೆಂಡಿನ ಮೇಲೆ ಯುದ್ಧ ಎರಗಿದಾಗ, ಅಲ್ಲಿಯವರ ನೆರವಿಗೆಂದು ಸೆಲ್ಮಾ ತಮ್ಮ ನೊಬೆಲ್ ಚಿನ್ನದ ಪದಕವನ್ನೇ ಕೊಟ್ಟರು.

೧೯೪೦ರ ಮಾರ್ಚ್ ೧೬ರಂದು ಮೋರ್ಬಕ್ಕದಲ್ಲಿಯೇ ಸೆಲ್ಮಾ ಇಹಲೋಕವನ್ನು ತ್ಯಜಿಸಿದರು. ಎರಡು ತಿಂಗಳ ಬಳಿಕ, ಮೇ ತಿಂಗಳಲ್ಲಿ, ನೆಲ್ಲಿ ಸಾಕ್ಸ್ ತನ್ನ ವೃದ್ಧ ತಾಯಿಯೊಡನೆ ಸ್ಟಾಕ್‌ಹೋಮಿಗೆ ಬಂದಿಳಿದಳು. ಶ್ರಮಶಿಬಿರಕ್ಕೆ ಹಾಜರಾಗಬೇಕೆಂಬ ಆಜ್ಞೆ ಆಗಲೇ ಬಂದಿತ್ತು. ಯಾರನ್ನು ಕಾಣಬೇಕೆಂದು ಬಾಲ್ಯದಿಂದ ಹಂಬಲಿಸಿದ್ದಳೋ ಅವರು ಆಗಿರಲಿಲ್ಲ. ಅವರ ನಾಡು ಮಾತ್ರ ಆಕೆಯನ್ನು ಬರಮಾಡಿಕೊಂಡಿತು. ಆಕೆ ಸ್ವೀಡಿಷ್ ಕಲಿತು, ಸ್ವೀಡನ್ನಿನ ಕವಿಗಳನ್ನು ಜರ್ಮನ್ ಭಾಷೆಗೆ ಅನುವಾದಿಸುತ್ತ ಜೀವನ ಸಾಗಿಸಿದಳು. ೧೯೬೬ರಲ್ಲಿ ನೆಲ್ಲಿ ಸಾಕ್ಸ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಅನುವಾದದಿಂದ ಬದುಕುಳಿದ ಜೀವ ಅನುವಾದದಿಂದಲೇ ಆ ಋಣವನ್ನು ತೀರಿಸಿತು.

ಮೋರ್ಬಕ್ಕದ ಮನೆ ೧೯೪೨ರಲ್ಲಿ ಸ್ಮಾರಕವಾಗಿ ಸಾರ್ವಜನಿಕರಿಗೆ ತೆರೆಯಿತು. ೧೯೯೧ರಲ್ಲಿ ಸ್ವೀಡನ್ನಿನ ೨೦ ಕ್ರೋನರ್ ನೋಟಿನ ಮೇಲೆ ಸೆಲ್ಮಾ ಅವರ ಚಿತ್ರ ಮೂಡಿಬಂದಿತು. ಹಿಂಬದಿಯಲ್ಲಿ ಬಾತಿನ ಬೆನ್ನೇರಿ ಹಾರುವ ನಿಲ್ಸ್. ಆ ನೋಟು ಚಲಾವಣೆಯಿಂದ ಹೋಗಿದೆ. ಪುಸ್ತಕದ ಚಲಾವಣೆ ನಿಂತಿಲ್ಲ.

ಸೆಲ್ಮಾ ಲಾಗರ್ಲೋಫ್ ಲೋಕವನ್ನು ಮೆಚ್ಚಿಸಲೆಂದು ಬರೆಯಲಿಲ್ಲ. ತಮ್ಮ ಪ್ರಾಂತ, ತಮ್ಮ ಅಜ್ಜಿ, ತಮ್ಮ ಶಾಲೆಯ ಮಕ್ಕಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದರು. ಬೇರು ಸ್ವಂತ ನೆಲದಲ್ಲಿ ಆಳವಾಗಿ ಇಳಿದಿದ್ದುದರಿಂದಲೇ ಕೊಂಬೆಗಳು ಅಷ್ಟು ದೂರ ಚಾಚಿದವು. ಆ ಫಲವನ್ನು ನಾಡಿನಿಂದ ನಾಡಿಗೆ ಹೊತ್ತು ಮುಟ್ಟಿಸಿದ ಅನುವಾದಕರಲ್ಲಿ ಅನೇಕರ ಹೆಸರು ಓದುಗರ ನೆನಪಿನಲ್ಲಿಲ್ಲ. ಅವರ ಸೇವೆ ಮಾತ್ರ ನಿಂತಿದೆ. ಅನ್ಯಭಾಷೆಯಿಂದ ಬಂದ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಲೇಖಕರ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಅನುವಾದಕರ ಹೆಸರನ್ನೂ ಒಮ್ಮೆ ಓದಿದರೆ, ಸೆಲ್ಮಾ ಲೆಕ್ಕವಿಟ್ಟ ಆ ಹಿರಿಯ ಸಾಲದಲ್ಲಿ ಒಂದು ಕಾಸನ್ನಾದರೂ ತೀರಿಸಿದಂತಾದೀತು.